ಜೇಬಿನಲ್ಲಿ ಓಡಾಡುವ ಫೈಲ್‌ಗಳಿಗೆ ಬೀಗ: ಡಿಸ್ಕ್ ಎನ್‌ಕ್ರಿಪ್ಷನ್‌ನ ಹೊಸ ಸೌಲಭ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್ ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲವೂ ಕಳೆದುಹೋಗುವುದಕ್ಕೇ ಹುಟ್ಟಿದ ವಸ್ತುಗಳು. ಅವುಗಳಲ್ಲಿ ಫೈಲ್ ಹೊತ್ತು ತಿರುಗುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನ ಮಾತು ವೆರಾಕ್ರಿಪ್ಟ್ ಬಗ್ಗೆ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ಫೈಲ್‌ಗಳನ್ನು ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶ ಅದು. ಇದೇ ಕೆಲಸ ಮಾಡುವ ವಿಂಡೋಸ್‌ನ ಬಿಟ್‌ಲಾಕರ್, ಲಿನಕ್ಸ್‌ನ ಲಕ್ಸ್, ಕ್ಲೌಡ್ ಫೈಲ್‌ಗಳಿಗೆ ಒಗ್ಗುವ ಕ್ರಿಪ್ಟೊಮೇಟರ್‌ಗಳೂ ಅಲ್ಲಲ್ಲಿ ಬರುತ್ತವೆ.

ಈಚಿನ ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಏನು?

ಬೀಗ ಬದಲಾಗಿಲ್ಲ, ಕೀಲಿಕೈ ಮಾಡುವ ವಿಧಾನ ಬದಲಾಗಿದೆ. ಡೇಟಾವನ್ನು ಕಲಸುವ ಎಇಎಸ್ ಹಳೆಯದೇ. ಅದನ್ನು ಡಿಸ್ಕ್‌ಗೆ ಹೊಂದಿಸುವ ಎಕ್ಸ್‌ಟಿಎಸ್ ವಿಧಾನ 2007ರಲ್ಲಿ ಮಾನಕವಾಯಿತು, ಇವತ್ತಿಗೂ ಅದೇ ನಡೆಯುತ್ತಿದೆ. ಯಾರೂ ಎಇಎಸ್ ಒಡೆಯಲು ಕೂರುವುದಿಲ್ಲ. ನಿಮ್ಮ ಪಾಸ್‌ವರ್ಡ್ ಊಹಿಸಲು ಕೂರುತ್ತಾರೆ. ಹಾಗಾಗಿ ಹೊಸ ಕೆಲಸವೆಲ್ಲ ಪಾಸ್‌ವರ್ಡ್‌ನಿಂದ ಕೀಲಿ ಹುಟ್ಟುವ ಜಾಗದಲ್ಲಿ, ಆ ಕೀಲಿಯನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಕಾಯುವ ಜಾಗದಲ್ಲಿ ನಡೆದಿದೆ. ಜೊತೆಗೆ ಒಂದಷ್ಟು ಹಳೆಯ ಸೌಲಭ್ಯಗಳನ್ನು ಕಿತ್ತುಹಾಕಿದ್ದಾರೆ. ಜನರಿಗೆ ತೊಂದರೆ ಕೊಟ್ಟಿರುವುದು ಹೊಸದಾಗಿ ಬಂದದ್ದಕ್ಕಿಂತ ಈ ಕಿತ್ತುಹಾಕಿದ್ದೇ ಹೆಚ್ಚು.

ಕಂಟೇನರ್ ಎಂದರೇನು? ಇಡೀ ಪೆನ್ ಡ್ರೈವ್ ಎನ್‌ಕ್ರಿಪ್ಟ್ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಂಟೇನರ್ ಎಂದರೆ ಹೊರಗಿನಿಂದ ನೋಡಿದರೆ ಒಂದೇ ಒಂದು ಫೈಲ್. ಪಾಸ್‌ವರ್ಡ್ ಕೊಟ್ಟು ಮೌಂಟ್ ಮಾಡಿದರೆ ಅದು ಹೊಸ ಡ್ರೈವ್ ಆಗಿ ಕಾಣುತ್ತದೆ, ಒಳಗೆ ಎಷ್ಟು ಫೋಲ್ಡರ್ ಬೇಕಾದರೂ ಇಡಬಹುದು. ಅನ್‌ಮೌಂಟ್ ಮಾಡಿದ ಮೇಲೆ ಮತ್ತೆ ಅರ್ಥವಿಲ್ಲದ ಬೈಟ್‌ಗಳ ರಾಶಿ. ಇದನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಬಹುದು, ಹೆಸರು ಬದಲಿಸಬಹುದು.

ಇಡೀ ಡ್ರೈವ್ ಎನ್‌ಕ್ರಿಪ್ಟ್ ಮಾಡಿದರೆ ಹೊರಗೆ ಏನೂ ಉಳಿಯುವುದಿಲ್ಲ. ಫೈಲ್ ತಪ್ಪಿ ಹೊರಗೆ ಬೀಳುವ ಭಯವಿಲ್ಲ. ಆದರೆ ಅಂಥ ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದ ಕೂಡಲೇ 'ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂಬ ಕಿಟಕಿ ತೆರೆಯುತ್ತದೆ. ವಿಂಡೋಸ್ ಮಟ್ಟಿಗೆ ಅದು ಖಾಲಿ, ಗುರುತು ಸಿಗದ ಡಿಸ್ಕ್. ಒಮ್ಮೆ ಅವಸರದಲ್ಲಿದ್ದಾಗ ಎದುರಿಗೆ ಬಂದ ಎಲ್ಲ ಕಿಟಕಿಗಳಿಗೂ ಎಂಟರ್ ಒತ್ತುತ್ತಾ ಹೋಗಿ ನಾನು ಈ ಪ್ರಶ್ನೆಗೂ ಹೂಂ ಅಂದುಬಿಟ್ಟೆ. ಹೆಡರ್‌ನ (ಕೀಲಿ ಅಡಗಿರುವ ಆರಂಭದ ಭಾಗದ) ಬ್ಯಾಕಪ್ ಇತ್ತು, ಆದರೂ ಒಳಗಿನ ಫೈಲ್ ವ್ಯವಸ್ಥೆಯ ಆರಂಭ ಹಾಳಾಗಿದ್ದರಿಂದ ಎಲ್ಲ ವಾಪಸ್ ಬರಲಿಲ್ಲ. ಅಂದಿನಿಂದ ಊರೂರು ತಿರುಗುವ ಡ್ರೈವ್‌ಗಳಲ್ಲಿ ನಾನು ಕಂಟೇನರ್ ಮಾತ್ರ ಇಡುತ್ತೇನೆ. ಮೇಜಿನ ಮೇಲೇ ಕೂರುವ ಬ್ಯಾಕಪ್ ಡಿಸ್ಕ್ ಆದರೆ ಇಡಿಯಾಗಿ ಎನ್‌ಕ್ರಿಪ್ಟ್ ಮಾಡುವುದೇ ಸರಿ.

ಆರ್ಗಾನ್2 ಎಂಬ ಹೆಸರು ಎಲ್ಲ ಕಡೆ ಕೇಳಿಬರುತ್ತಿದೆ. ಅದರಿಂದ ನನಗೇನು ಲಾಭ?

ಸ್ವಲ್ಪ ಹಿನ್ನೆಲೆ ಬೇಕು. ನೀವು ಟೈಪ್ ಮಾಡುವ ಪಾಸ್‌ವರ್ಡ್ ನೇರವಾಗಿ ಕೀಲಿಯಾಗುವುದಿಲ್ಲ. ಅದನ್ನು ಸಾಲ್ಟ್ ಎಂಬ ಯಾದೃಚ್ಛಿಕ ಬೈಟ್‌ಗಳ ಜೊತೆ ಬೆರೆಸಿ, ಹಿಂದಕ್ಕೆ ತಿರುಗಿಸಲಾಗದ ಹ್ಯಾಶ್ ಎಂಬ ಲೆಕ್ಕವನ್ನು ಲಕ್ಷಾಂತರ ಸಲ ಮಾಡಿ, ಬಂದ ಫಲಿತಾಂಶದಿಂದ ಹೆಡರನ್ನು ಬಿಚ್ಚುತ್ತಾರೆ. ಇಷ್ಟು ಸಲ ಯಾಕೆಂದರೆ, ನಿಮಗೆ ಒಂದೆರಡು ಸೆಕೆಂಡು ತಡವಾದರೆ ನಷ್ಟವಿಲ್ಲ, ಕೋಟಿಗಟ್ಟಲೆ ಪಾಸ್‌ವರ್ಡ್ ಪ್ರಯತ್ನಿಸುವವನಿಗೆ ಪ್ರತಿ ಪ್ರಯತ್ನಕ್ಕೂ ಅಷ್ಟೇ ದಂಡ ಬೀಳುತ್ತದೆ. ಹಳೆಯ ಟ್ರೂಕ್ರಿಪ್ಟ್ ಸಾವಿರ ಅಥವಾ ಎರಡು ಸಾವಿರ ಸುತ್ತು ಹಾಕುತ್ತಿತ್ತು. ವೆರಾಕ್ರಿಪ್ಟ್ ಅದನ್ನು ಕಂಟೇನರ್‌ಗಳಿಗೆ 5,00,000ಕ್ಕೆ ಏರಿಸಿತು.

ಆದರೆ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರು ಇದ್ದೇ ಇರುತ್ತಾರಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳು ಬಂದವು. ಒಂದೊಂದರಲ್ಲೂ ಸಾವಿರಾರು ಪುಟ್ಟ ಲೆಕ್ಕಿಗರು. ಪಿಬಿಕೆಡಿಎಫ್2 ಎಂಬ ಹಳೆಯ ವಿಧಾನಕ್ಕೆ ಮೆಮೊರಿ ಬೇಕಾಗುವುದೇ ಇಲ್ಲ, ಆದ್ದರಿಂದ ಆ ಸಾವಿರಾರು ಜನ ಒಟ್ಟಿಗೆ ಬೇರೆ ಬೇರೆ ಪಾಸ್‌ವರ್ಡ್ ಪ್ರಯತ್ನಿಸಬಹುದು. ಆರ್ಗಾನ್2 ಇದಕ್ಕೆ ಕೊಟ್ಟ ಉತ್ತರ ಸರಳ: ಒಂದೊಂದು ಪ್ರಯತ್ನಕ್ಕೂ ನೂರಾರು ಮೆಗಾಬೈಟ್ ಮೆಮೊರಿ ತಿನ್ನುವ ಹಾಗೆ ಮಾಡುವುದು. ಲೆಕ್ಕಿಗರು ಸಾವಿರ ಇದ್ದರೂ ಅಷ್ಟು ಜನರಿಗೆ ಕೂರಲು ಮಣೆ ಇಲ್ಲದಂತಾಗುತ್ತದೆ. ಪಾಸ್‌ವರ್ಡ್ ಹ್ಯಾಶಿಂಗ್‌ಗಾಗಿ ನಡೆದ ಮುಕ್ತ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದದ್ದು ಇದೇ. ಲಿನಕ್ಸ್‌ನ ಲಕ್ಸ್2 ಮಾದರಿ ಇದನ್ನು ಮೊದಲೇ ತೆಗೆದುಕೊಂಡಿತು. ವೆರಾಕ್ರಿಪ್ಟ್‌ಗೆ 2025ರಲ್ಲಿ ಬಂತು.

ಲಾಭ ಎಷ್ಟು ಎನ್ನುವುದು ನಿಮ್ಮ ಪಾಸ್‌ವರ್ಡ್ ಮೇಲೆ ನಿಂತಿದೆ. ಅದು ಉದ್ದವಾಗಿದ್ದು, ಊಹೆಗೆ ಸಿಗದಂತಿದ್ದರೆ ಹಳೆಯ ವಿಧಾನವೂ ಸಾಕು. ಸಾಧಾರಣ ಪಾಸ್‌ವರ್ಡ್ ಆದರೆ ಆರ್ಗಾನ್2 ನಿಮ್ಮ ಕೈ ಹಿಡಿಯುತ್ತದೆ. '123456' ಆದರೆ ಯಾವುದೂ ಹಿಡಿಯುವುದಿಲ್ಲ.

ಆರ್ಗಾನ್2 ಹಾಕಿದ ಡಿಸ್ಕ್ ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತದೆಯೇ?

ಇಲ್ಲ, ಹೊರಗೆ ಒಯ್ಯುವ ಡಿಸ್ಕ್‌ನಲ್ಲಿ ಇದೇ ಮುಖ್ಯ ತೊಡಕು. ಮೊದಲನೆಯದು, ಆ ಕಡೆಯ ಯಂತ್ರದಲ್ಲಿ ಹಳೆಯ ವೆರಾಕ್ರಿಪ್ಟ್ ಇದ್ದರೆ ಅದಕ್ಕೆ ಆರ್ಗಾನ್2 ಗೊತ್ತೇ ಇಲ್ಲ. 'ಪಾಸ್‌ವರ್ಡ್ ತಪ್ಪು ಅಥವಾ ಇದು ವೆರಾಕ್ರಿಪ್ಟ್ ವಾಲ್ಯೂಮ್ ಅಲ್ಲ' ಎಂಬ ಅರ್ಥದ ಸಂದೇಶ ಬರುತ್ತದೆ, ನೀವು ಸರಿಯಾದ ಪಾಸ್‌ವರ್ಡನ್ನೇ ಹತ್ತು ಸಲ ಕುಟ್ಟುತ್ತೀರಿ. ಎರಡನೆಯದು ಮೆಮೊರಿ. ಲಕ್ಸ್2 ಡಿಸ್ಕ್ ತಯಾರಿಸುವಾಗ ಆ ಯಂತ್ರದ ಶಕ್ತಿ ಅಳೆದು, ಹೆಚ್ಚೆಂದರೆ 1 ಜಿಬಿವರೆಗೆ ಮೆಮೊರಿ ಬೇಡುವಂತೆ ಹೆಡರ್‌ನಲ್ಲಿ ಬರೆದುಬಿಡುತ್ತದೆ. ದೊಡ್ಡ ಯಂತ್ರದಲ್ಲಿ ಮಾಡಿದ ಡಿಸ್ಕನ್ನು 512 ಎಂಬಿ ಮೆಮೊರಿಯ ಪುಟ್ಟ ಬೋರ್ಡ್‌ಗೆ ಚುಚ್ಚಿದರೆ ಅದು ತೆರೆಯಲಾರದು. ಲಕ್ಸ್ ಡಿಸ್ಕ್ ತಯಾರಿಸುವ ಕ್ರಿಪ್ಟ್‌ಸೆಟಪ್ ಆದೇಶದಲ್ಲಿ ಮೆಮೊರಿಯ ಮಿತಿಯನ್ನು ನೀವೇ ಹೇಳಬಹುದು. ಹಲವು ಯಂತ್ರಗಳಲ್ಲಿ ಓಡಾಡುವ ಡಿಸ್ಕ್‌ಗೆ ಹೇಳುವುದೇ ಒಳ್ಳೆಯದು.

ಪಿಮ್ ಎಂಬ ಖಾನೆಯಲ್ಲಿ ಏನು ಬರೆಯಬೇಕು?

ಏನೂ ಬರೆಯದಿದ್ದರೆ ಚೆನ್ನ. ಪಿಮ್ ಎಂದರೆ ಸುತ್ತುಗಳ ಸಂಖ್ಯೆಯನ್ನು ಏರಿಳಿಸುವ ಗುಣಕ. ಕಂಟೇನರ್‌ಗಳಿಗೆ ಲೆಕ್ಕ ಹೀಗೆ: 15,000ಕ್ಕೆ ಪಿಮ್‌ನ ಸಾವಿರ ಪಟ್ಟು ಕೂಡಿಸಿ. ಡೀಫಾಲ್ಟ್ 485, ಅದರಿಂದಲೇ 5,00,000. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಚಿಕ್ಕದಿದ್ದರೆ 485ಕ್ಕಿಂತ ಕೆಳಗೆ ಇಳಿಸಲು ಬಿಡುವುದಿಲ್ಲ. ಆರ್ಗಾನ್2 ಆರಿಸಿದರೆ ಪಿಮ್‌ನ ಅರ್ಥವೇ ಬೇರೆ, ಅಲ್ಲಿ ಅದು ಮೆಮೊರಿಯ ಪ್ರಮಾಣವನ್ನೂ ನಿರ್ಧರಿಸುತ್ತದೆ, ಈ ಸೂತ್ರ ಅಲ್ಲಿ ನಡೆಯದು. ಪಿಮ್ ಬದಲಿಸಿದರೆ ಪಾಸ್‌ವರ್ಡ್ ಜೊತೆ ಅದನ್ನೂ ನೆನಪಿಡಬೇಕು. ಮರೆತರೆ ಪಾಸ್‌ವರ್ಡ್ ಮರೆತಷ್ಟೇ ಫಜೀತಿ.

ವೆರಾಕ್ರಿಪ್ಟ್ ಅಪ್‌ಡೇಟ್ ಮಾಡಿದ ಮೇಲೆ ಹಳೆಯ ಟ್ರೂಕ್ರಿಪ್ಟ್ ಫೈಲ್ ತೆರೆಯುತ್ತಿಲ್ಲ. ಡೇಟಾ ಹೋಯಿತೇ?

ಹೋಗಿಲ್ಲ, ಗಾಬರಿ ಬೇಡ. ಟ್ರೂಕ್ರಿಪ್ಟ್ 2014ರ ಮೇ ತಿಂಗಳಲ್ಲಿ ಅದರ ಅನಾಮಧೇಯ ನಿರ್ಮಾತೃಗಳು ಕೈಬಿಟ್ಟ ತಂತ್ರಾಂಶ. ಅದರ ಕೋಡ್‌ನಿಂದ 2013ರಲ್ಲೇ ಕವಲೊಡೆದಿದ್ದ ವೆರಾಕ್ರಿಪ್ಟ್, ಬಹಳ ವರ್ಷ ಟ್ರೂಕ್ರಿಪ್ಟ್ ಫೈಲ್‌ಗಳನ್ನೂ ತೆರೆಯುತ್ತಿತ್ತು. ಪಾಸ್‌ವರ್ಡ್ ಕಿಟಕಿಯಲ್ಲಿ 'ಟ್ರೂಕ್ರಿಪ್ಟ್ ಮೋಡ್' ಎಂಬ ಚೌಕ ಇರುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ 1.26.7ರಲ್ಲಿ ಆ ಚೌಕವನ್ನು ತೆಗೆದರು. ಅದನ್ನು ಹೊಂದಿದ್ದ ಕೊನೆಯ ಆವೃತ್ತಿ 1.25.9.

ಹಾಗಾಗಿ 1.25.9ರ ಪೋರ್ಟಬಲ್ ಪ್ರತಿಯನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಸಹಿ ಪರಿಶೀಲಿಸಿ, ಬೇರೆ ಕಂಪ್ಯೂಟರಿನಲ್ಲೋ ವರ್ಚುವಲ್ ಯಂತ್ರದಲ್ಲೋ ಓಡಿಸಿ. ಹಳೆಯ ಫೈಲ್‌ನ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಎರಡು ದಾರಿ ಇವೆ. ಟ್ರೂಕ್ರಿಪ್ಟ್ ಮೋಡ್ ಚೌಕಕ್ಕೆ ಗುರುತು ಹಾಕಿ ವಾಲ್ಯೂಮ್‌ನ ಪಾಸ್‌ವರ್ಡ್ ಬದಲಿಸಿದರೆ ಹೆಡರ್ ವೆರಾಕ್ರಿಪ್ಟ್ ಮಾದರಿಗೆ ಮಾರ್ಪಡುತ್ತದೆ. ಟ್ರೂಕ್ರಿಪ್ಟ್ 6 ಮತ್ತು 7ರಲ್ಲಿ ಮಾಡಿದ ಫೈಲ್‌ಗಳಿಗೆ ಇದು ನಡೆಯುತ್ತದೆ. ಇನ್ನೊಂದು ದಾರಿ, ಹಳೆಯದನ್ನು ಮೌಂಟ್ ಮಾಡಿ ಒಳಗಿನದನ್ನೆಲ್ಲ ಹೊಸ ಕಂಟೇನರ್‌ಗೆ ಕಾಪಿ ಮಾಡುವುದು. ನಾನು ಹೇಳುವುದು ಎರಡನೆಯದನ್ನೇ. ಸಮಯ ಹಿಡಿಯುತ್ತದೆ, ಆದರೆ ಡೇಟಾವನ್ನು ನಿಜವಾಗಿ ಕಲಸುವ, ಹೆಡರ್ ಒಳಗಿನ ಮಾಸ್ಟರ್ ಕೀಲಿಯೂ ಹೊಸದಾಗುತ್ತದೆ.

ಅದೇ ಬಿಡುಗಡೆಯಲ್ಲಿ ರೈಪ್‌ಎಂಡಿ-160 ಎಂಬ ಹ್ಯಾಶ್ ಮತ್ತು ಗೋಸ್ಟ್89 ಎಂಬ ಸೈಫರ್ (ಎಇಎಸ್‌ನಂತೆ ಡೇಟಾ ಕಲಸುವ ವಿಧಾನ) ಕೂಡ ಹೋದವು. ಅವುಗಳಿಂದ ಮಾಡಿದ ವೆರಾಕ್ರಿಪ್ಟ್ ಕಂಟೇನರ್‌ಗಳಿಗೂ ಇದೇ ಕತೆ. ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಮಲಗಿರುವ ಡಿಸ್ಕ್ ಇದ್ದರೆ ಈಗಲೇ ಒಮ್ಮೆ ತೆರೆದು ನೋಡಿ. ಬೇಕಾದ ದಿನ ಹಳೆಯ ಆವೃತ್ತಿ ಓಡುವ ಯಂತ್ರವೇ ಸಿಗದೆ ಹೋಗಬಹುದು.

ಹೊಸ ಆವೃತ್ತಿ ಹಾಕಿಕೊಂಡರೆ ಹಳೆಯ ಕಂಟೇನರ್‌ಗೆ ಹೊಸ ರಕ್ಷಣೆ ತಾನಾಗಿಯೇ ಬರುತ್ತದೆಯೇ?

ಬರುವುದಿಲ್ಲ. ಕಂಟೇನರ್ ಹುಟ್ಟಿದಾಗ ಯಾವ ಸೈಫರ್, ಯಾವ ಹ್ಯಾಶ್ ಇತ್ತೋ ಅದೇ ಮುಂದುವರಿಯುತ್ತದೆ. ವಾಲ್ಯೂಮ್ಸ್ ಮೆನುವಿನಲ್ಲಿ ಹೆಡರ್ ಕೀಲಿಯ ಅಲ್ಗಾರಿದಮ್ ಬದಲಿಸುವ ಆಯ್ಕೆ ಇದೆ. ಅದರಲ್ಲಿ ಹೊಸ ವಿಧಾನ ಆರಿಸಿದರೆ ಹೆಡರ್ ಮಾತ್ರ ಹೊಸದಾಗಿ ಬರೆಯಲ್ಪಡುತ್ತದೆ, ಕೆಲವೇ ಸೆಕೆಂಡುಗಳ ಕೆಲಸ. ನೂರು ಜಿಬಿ ಕಂಟೇನರ್ ಇಷ್ಟು ಬೇಗ ಬದಲಾಗಿದ್ದು ಹೇಗೆ ಎಂದು ಅನುಮಾನ ಬಂದರೆ ಅದು ಸರಿಯಾದ ಅನುಮಾನ: ಬದಲಾಗಿರುವುದು ಮಾಸ್ಟರ್ ಕೀಲಿಯನ್ನು ಮುಚ್ಚಿಟ್ಟ ಲಕೋಟೆ, ಮಾಸ್ಟರ್ ಕೀಲಿ ಅಲ್ಲ.

ಪಾಸ್‌ವರ್ಡ್ ಬದಲಾವಣೆಗೂ ಇದೇ ಅನ್ವಯಿಸುತ್ತದೆ. ನಿಮ್ಮ ಹಳೆಯ ಪಾಸ್‌ವರ್ಡ್ ಯಾರಿಗಾದರೂ ಗೊತ್ತಾಗಿದ್ದು, ಅವರ ಬಳಿ ಕಂಟೇನರ್‌ನ ಹಳೆಯ ಕಾಪಿಯೋ ಹೆಡರ್ ಬ್ಯಾಕಪ್ಪೋ ಇದ್ದರೆ, ಹೊಸ ಪಾಸ್‌ವರ್ಡ್ ಹಾಕಿದ ಕಂಟೇನರನ್ನೂ ಅವರು ಹಳೆಯ ಹೆಡರ್ ಹಚ್ಚಿ ತೆರೆಯಬಲ್ಲರು. ಪಾಸ್‌ವರ್ಡ್ ಸೋರಿದೆ ಎನ್ನಿಸಿದರೆ ಹೊಸ ಕಂಟೇನರ್ ಮಾಡಿ ಎಲ್ಲವನ್ನೂ ಸ್ಥಳಾಂತರಿಸಿ.

ಹೆಡರ್ ಬ್ಯಾಕಪ್ ಅಷ್ಟು ಮುಖ್ಯವೇ?

ಈ ಪುಟದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಕಂಟೇನರ್‌ನ ಮೊದಲ ಭಾಗದಲ್ಲಿ ಹೆಡರ್ ಇರುತ್ತದೆ, ಮಾಸ್ಟರ್ ಕೀಲಿ ಅದರೊಳಗೆ. ಆ ಕೆಲವೇ ಬೈಟ್‌ಗಳು ಕೆಟ್ಟರೆ ಉಳಿದ ನೂರಾರು ಜಿಬಿ ಬರೀ ಕಸ, ಪಾಸ್‌ವರ್ಡ್ ಗೊತ್ತಿದ್ದರೂ ಅಷ್ಟೇ. ಕೊನೆಯಲ್ಲಿ ಇನ್ನೊಂದು ಪ್ರತಿ ತಾನಾಗಿಯೇ ಇರುತ್ತದೆ ನಿಜ. ಮೌಂಟ್ ಆಯ್ಕೆಗಳಲ್ಲಿ ಅದನ್ನು ಬಳಸುವಂತೆ ಹೇಳಬಹುದು. ಆದರೆ ಪಾರ್ಟಿಷನ್ ಗಾತ್ರ ಬದಲಾದರೆ, ಇಡೀ ಡಿಸ್ಕ್ ಫಾರ್ಮ್ಯಾಟ್ ಆದರೆ ಅದೂ ಉಳಿಯುತ್ತದೆಂಬ ಖಾತರಿ ಇಲ್ಲ. ಅಗ್ಗದ ಪೆನ್ ಡ್ರೈವ್‌ಗಳು ಸಾಯುವ ರೀತಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೆನುವಿನಿಂದ ಹೆಡರ್ ಬ್ಯಾಕಪ್ ತೆಗೆದರೆ ಒಂದು ಪುಟ್ಟ ಫೈಲ್ ಸಿಗುತ್ತದೆ. ಅದು ಕೂಡ ಎನ್‌ಕ್ರಿಪ್ಟ್ ಆಗಿರುತ್ತದೆ, ಆದರೂ ಅದೇ ಪೆನ್ ಡ್ರೈವ್‌ನಲ್ಲಿ ಇಡಬೇಡಿ. ಪಾಸ್‌ವರ್ಡ್ ಬದಲಿಸಿದ ಪ್ರತಿ ಸಲವೂ ಹೊಸ ಬ್ಯಾಕಪ್ ತೆಗೆದು ಹಳೆಯದನ್ನು ಅಳಿಸಿ.

ಹೆಡರ್ ಬ್ಯಾಕಪ್ ಎಂದರೆ ಡೇಟಾ ಬ್ಯಾಕಪ್ ಅಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಕೀಲಿಕೈ ಜೋಪಾನವಾಗಿದೆ ಎಂದ ಮಾತ್ರಕ್ಕೆ ಮನೆ ಸುಟ್ಟರೆ ವಾಪಸ್ ಬರುವುದಿಲ್ಲ.

ಬೇರೆಯವರ ಕಂಪ್ಯೂಟರಿನಲ್ಲಿ ವೆರಾಕ್ರಿಪ್ಟ್ ಇಲ್ಲದಿದ್ದರೆ?

ಟೂಲ್ಸ್ ಮೆನುವಿನಲ್ಲಿ ಟ್ರಾವೆಲರ್ ಡಿಸ್ಕ್ ಸೆಟಪ್ ಎಂಬುದಿದೆ. ಅದು ತಂತ್ರಾಂಶವನ್ನೂ ಪೆನ್ ಡ್ರೈವ್‌ಗೇ ಹಾಕುತ್ತದೆ. ಇನ್‌ಸ್ಟಾಲ್ ಮಾಡದೆ ಓಡಿಸಬಹುದು. ಆದರೆ ವಿಂಡೋಸ್‌ನಲ್ಲಿ ಒಂದು ಡ್ರೈವರ್ ಲೋಡ್ ಆಗಬೇಕು, ಅದಕ್ಕೆ ಅಡ್ಮಿನ್ ಅನುಮತಿ ಬೇಕೇಬೇಕು. ಕಚೇರಿಯ, ಗ್ರಂಥಾಲಯದ ಯಂತ್ರಗಳಲ್ಲಿ ನಿಮಗೆ ಆ ಅನುಮತಿ ಇರುವುದಿಲ್ಲ. ಅಡ್ಮಿನ್ ಮೊದಲೇ ಇನ್‌ಸ್ಟಾಲ್ ಮಾಡಿಟ್ಟಿದ್ದರೆ ಸಾಮಾನ್ಯ ಬಳಕೆದಾರರೂ ಮೌಂಟ್ ಮಾಡಬಹುದು.

ವಿಂಡೋಸ್ ಯಂತ್ರಗಳ ನಡುವೆ ಮಾತ್ರ ಓಡಾಟವಾದರೆ ಬಿಟ್‌ಲಾಕರ್ ಟು ಗೋ ಸುಲಭ. ವಿಂಡೋಸ್ 7ರ ಜೊತೆ ಬಂದದ್ದು. ಡ್ರೈವ್ ಚುಚ್ಚಿ, ಪಾಸ್‌ವರ್ಡ್ ಕೊಟ್ಟರೆ ಆಯಿತು. ಹೋಮ್ ಆವೃತ್ತಿಯಲ್ಲಿ ಎನ್‌ಕ್ರಿಪ್ಟ್ ಮಾಡಲು ಬರದಿದ್ದರೂ ಎನ್‌ಕ್ರಿಪ್ಟ್ ಆದದ್ದನ್ನು ತೆರೆಯಲು ಬರುತ್ತದೆ. ಎನ್‌ಕ್ರಿಪ್ಟ್ ಮಾಡುವಾಗ 'ಹೊಸ ವಿಧಾನವೋ, ಹೊಂದಾಣಿಕೆಯ ವಿಧಾನವೋ' ಎಂದು ಕೇಳುತ್ತದೆ. ಹೊಸದು ಎಕ್ಸ್‌ಟಿಎಸ್, 2015ರ ನವೆಂಬರ್‌ನ ವಿಂಡೋಸ್ 10 ಬಿಡುಗಡೆಯಿಂದ ಈಚೆಗೆ ಮಾತ್ರ ತೆರೆಯುತ್ತದೆ. ತೀರಾ ಹಳೆಯ ಯಂತ್ರ ಎದುರಾಗುವ ಸಾಧ್ಯತೆ ಇದ್ದರೆ ಮಾತ್ರ ಎರಡನೆಯದು. 48 ಅಂಕಿಗಳ ರಿಕವರಿ ಕೀಲಿಯನ್ನು ಪ್ರಿಂಟ್ ತೆಗೆದಿಡಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಇಡಲೂ ಅವಕಾಶ ಇದೆ, ಹಾಗಿಟ್ಟರೆ ಕೀಲಿಯ ಒಂದು ಪ್ರತಿ ನಿಮ್ಮ ಕೈಯಾಚೆ ಇದೆ ಎಂಬುದು ಗೊತ್ತಿರಲಿ.

ಅಂದಹಾಗೆ, ನಂಬಿಕೆಯಿಲ್ಲದ ಕಂಪ್ಯೂಟರಿನಲ್ಲಿ ಕಂಟೇನರ್ ತೆರೆಯಲೇಬೇಡಿ. ಕೀಲಿಮಣೆಯ ಒತ್ತುಗಳನ್ನು ಕದಿಯುವ ತಂತ್ರಾಂಶ ಅಲ್ಲಿದ್ದರೆ ಆರ್ಗಾನ್2, ಎಇಎಸ್ ಎಲ್ಲ ಸೇರಿದರೂ ನಿಮ್ಮನ್ನು ಕಾಯಲಾರವು.

ಮ್ಯಾಕ್, ಲಿನಕ್ಸ್, ಮೊಬೈಲ್?

ಮ್ಯಾಕ್‌ನಲ್ಲಿ ವೆರಾಕ್ರಿಪ್ಟ್‌ಗೆ ಮೊದಲು ಮ್ಯಾಕ್‌ಫ್ಯೂಸ್ ಎಂಬ, ಯಂತ್ರದ ತಿರುಳಾದ ಕರ್ನಲ್‌ಗೆ ಸೇರುವ ತಂತ್ರಾಂಶ ಬೇಕಿತ್ತು. ಆಪಲ್ ಚಿಪ್ ಇರುವ ಮ್ಯಾಕ್‌ಗಳಲ್ಲಿ ಆ ಕರ್ನಲ್ ವಿಸ್ತರಣೆಗಾಗಿ ಯಂತ್ರದ ಭದ್ರತಾ ಮಟ್ಟವನ್ನೇ ಇಳಿಸಬೇಕಾಗುತ್ತಿತ್ತು. ಭದ್ರತೆಗಾಗಿ ಭದ್ರತೆ ಇಳಿಸುವ ಈ ತಮಾಷೆ ಹಲವರಿಗೆ ಹಿಡಿಸಿರಲಿಲ್ಲ. ಈಗ ಫ್ಯೂಸ್-ಟಿ ಎಂಬ, ಕರ್ನಲ್ ಮುಟ್ಟದ ಪರ್ಯಾಯವನ್ನು ಬಳಸುವ ಪ್ರತ್ಯೇಕ ಪ್ರತಿ ಸಿಗುತ್ತದೆ.

ಲಿನಕ್ಸ್‌ನಲ್ಲಿ ವೆರಾಕ್ರಿಪ್ಟ್ ಇಲ್ಲದೆಯೂ ಕ್ರಿಪ್ಟ್‌ಸೆಟಪ್ ಮೂಲಕ ಅದರ ವಾಲ್ಯೂಮ್ ತೆರೆಯಬಹುದು. 2020ರ 2.3 ಆವೃತ್ತಿಯಿಂದ ಬಿಟ್‌ಲಾಕರ್ ಡಿಸ್ಕನ್ನೂ ಅದು ಓದುತ್ತದೆ. ಮೊಬೈಲ್‌ಗೆ ವೆರಾಕ್ರಿಪ್ಟ್‌ನ ಅಧಿಕೃತ ಆಪ್ ಇಲ್ಲ. ಬೇರೆಯವರು ಮಾಡಿದವು ಇವೆ, ಪಾಸ್‌ವರ್ಡ್ ಕೊಡುವ ಮೊದಲು ಯಾರು ಮಾಡಿದ್ದು ಎಂದು ನೋಡಿ.

ಮೂರೂ ಕಡೆ ಓಡಬೇಕಾದ ಕಂಟೇನರ್ ಒಳಗೆ ಎಕ್ಸ್‌ಫ್ಯಾಟ್ ಫೈಲ್ ವ್ಯವಸ್ಥೆ ಆರಿಸಿ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

4 ಜಿಬಿಗಿಂತ ದೊಡ್ಡ ಕಂಟೇನರ್ ಪೆನ್ ಡ್ರೈವ್‌ಗೆ ಹೋಗುತ್ತಿಲ್ಲ, ಯಾಕೆ?

ಪೆನ್ ಡ್ರೈವ್ ಫ್ಯಾಟ್32ನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಕಂಟೇನರ್ ಆಮೇಲೆ ಸಾಲದೆ ಬಂದರೆ ವೆರಾಕ್ರಿಪ್ಟ್ ಎಕ್ಸ್‌ಪ್ಯಾಂಡರ್ ಇದೆ, ಹಿಗ್ಗಿಸುವ ಮೊದಲು ಕಾಪಿ ಮಾಡಿಟ್ಟುಕೊಳ್ಳಿ. ಕುಗ್ಗಿಸಲು ಮಾತ್ರ ಬರುವುದಿಲ್ಲ.

ಬ್ಯಾಂಕ್ ಕಾರ್ಡನ್ನೇ ಕೀಲಿಯಾಗಿ ಬಳಸಬಹುದಂತೆ, ಹೌದೇ?

ಹೌದು, ವೆರಾಕ್ರಿಪ್ಟ್ 1.26.7ರಿಂದ. ಚಿಪ್ ಇರುವ ಇಎಂವಿ ಕಾರ್ಡನ್ನು ರೀಡರ್‌ಗೆ ಹಾಕಿದರೆ ಅದರೊಳಗಿನ ಪ್ರಮಾಣಪತ್ರಗಳಂಥ ಡೇಟಾವನ್ನು ಕೀಫೈಲ್ ಆಗಿ, ಎಂದರೆ ಪಾಸ್‌ವರ್ಡ್ ಜೊತೆ ಕೀಲಿಯಾಗುವ ಫೈಲ್ ಆಗಿ ಬಳಸಿಕೊಳ್ಳುತ್ತದೆ. ಜಾಣತನದ ಕಲ್ಪನೆ. ಆದರೆ ಕಾರ್ಡ್‌ನ ಅವಧಿ ಮುಗಿಯುತ್ತದೆ, ಬ್ಯಾಂಕು ಹೊಸದನ್ನು ಕಳಿಸುತ್ತದೆ, ನೀವು ಹಳೆಯದನ್ನು ಕತ್ತರಿಸಿ ಬಿಸಾಡುತ್ತೀರಿ. ಹೊಸ ಕಾರ್ಡ್‌ನ ಡೇಟಾ ಬೇರೆ. ಕೀಲಿಕೈ ಕತ್ತರಿಸಿದ್ದು ಆಮೇಲೆ ನೆನಪಾಗುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇದು ಅದಕ್ಕೆ ತಿರುಗುಮುರುಗು: ಬಾಗಿಲು ಭದ್ರವಾಗಿದೆ, ಕೋಟೆಯೊಡೆಯನೇ ಹೊರಗೆ.

ಸಾದಾ ಕೀಫೈಲ್ ಬಳಸುವವರೂ ಎಚ್ಚರ ಇರಲಿ. ತಂತ್ರಾಂಶ ಆ ಫೈಲ್‌ನ ಮೊದಲ 1 ಎಂಬಿಯನ್ನು ಓದುತ್ತದೆ. ಹಾಡಿನ ಫೈಲನ್ನು ಕೀಲಿಯಾಗಿಟ್ಟುಕೊಂಡು, ಪ್ಲೇಯರ್ ಅದರ ಟ್ಯಾಗ್ ತಿದ್ದಿದರೆ ಕೀಲಿಯೇ ಬದಲಾಯಿತು. ತಂತ್ರಾಂಶವೇ ತಯಾರಿಸಿಕೊಡುವ ಯಾದೃಚ್ಛಿಕ ಕೀಫೈಲ್ ಬಳಸಿ, ಎರಡು ಕಡೆ ಇಡಿ. ಲಿನಕ್ಸ್‌ನಲ್ಲಿ ಲಕ್ಸ್2 ಬಳಸುವವರಿಗೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಇದೆ: 2021ರಿಂದ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿರುವ ಒಂದು ಉಪಕರಣದಿಂದ, ಎಫ್‌ಐಡಿಒ2 ಎಂಬ ಮಾನಕದ ಪುಟ್ಟ ಭದ್ರತಾ ಸಾಧನವನ್ನು ಡಿಸ್ಕ್‌ಗೆ ನೋಂದಾಯಿಸಬಹುದು. ಲಕ್ಸ್2ರಲ್ಲಿ 32ರವರೆಗೆ ಕೀಲಿಗಳ ಗೂಡುಗಳಿರುವುದರಿಂದ ಒಂದು ಕಳೆದರೆ ಇನ್ನೊಂದರಿಂದ ತೆರೆಯಬಹುದು.

ಸ್ಕ್ರೀನ್ ರಕ್ಷಣೆ, ಮೆಮೊರಿ ಎನ್‌ಕ್ರಿಪ್ಷನ್ ಎಂಬವು ಯಾಕೆ?

2008ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು, ಕಂಪ್ಯೂಟರ್ ಆರಿಸಿದ ಮೇಲೂ ಕೆಲ ಕಾಲ ಮೆಮೊರಿ ಚಿಪ್‌ಗಳಲ್ಲಿ ಡೇಟಾ ಉಳಿಯುತ್ತದೆ, ತಂಪು ಮಾಡಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ, ಅದರಿಂದ ಎನ್‌ಕ್ರಿಪ್ಷನ್ ಕೀಲಿ ತೆಗೆಯಬಹುದು ಎಂದು ತೋರಿಸಿದ್ದರು. ಅದಕ್ಕೆ ಉತ್ತರವಾಗಿ ವೆರಾಕ್ರಿಪ್ಟ್ 1.24ರಿಂದ 64-ಬಿಟ್ ವಿಂಡೋಸ್‌ನಲ್ಲಿ ಕೀಲಿಗಳನ್ನು ಮೆಮೊರಿಯಲ್ಲೂ ಎನ್‌ಕ್ರಿಪ್ಟ್ ಮಾಡಿಡುವ ಆಯ್ಕೆ ಇದೆ. ತಾನಾಗಿ ಚಾಲೂ ಇರುವುದಿಲ್ಲ, ಹಾಕಿಕೊಂಡರೆ ಹೈಬರ್ನೇಷನ್ ಬಿಟ್ಟುಕೊಡಬೇಕು. 2025ರ 1.26.24ರಲ್ಲಿ ಬಂದ ಸ್ಕ್ರೀನ್ ರಕ್ಷಣೆ, ವಿಂಡೋಸ್‌ನಲ್ಲಿ ವೆರಾಕ್ರಿಪ್ಟ್ ಕಿಟಕಿಗಳನ್ನು ಸ್ಕ್ರೀನ್‌ಶಾಟ್ ಮತ್ತು ರೆಕಾರ್ಡಿಂಗ್‌ನಿಂದ ಮರೆಮಾಡುತ್ತದೆ. ಯಾರಿಗಾದರೂ ಹೇಳಿಕೊಡಲು ಚಿತ್ರ ತೆಗೆದರೆ ಕಿಟಕಿಯೇ ಕಾಣುತ್ತಿಲ್ಲ ಎಂಬ ದೂರಿನ ಕಾರಣ ಇದು. ಬೇಡವೆಂದರೆ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು.

ಅಡಗಿದ ವಾಲ್ಯೂಮ್ ನಂಬಬಹುದೇ?

ಒಂದು ಕಂಟೇನರ್‌ನ ಖಾಲಿ ಜಾಗದಲ್ಲಿ ಇನ್ನೊಂದನ್ನು ಅಡಗಿಸಿ, ಎರಡಕ್ಕೂ ಬೇರೆ ಪಾಸ್‌ವರ್ಡ್ ಇಡುವ ವ್ಯವಸ್ಥೆ ಇದು. ಒತ್ತಾಯಕ್ಕೆ ಸಿಕ್ಕರೆ ಹೊರಗಿನದರ ಪಾಸ್‌ವರ್ಡ್ ಕೊಟ್ಟು ಪಾರಾಗಬಹುದು ಎಂಬ ಲೆಕ್ಕ. ಗಣಿತದ ಮಟ್ಟಿಗೆ ಸರಿ. ಆದರೆ ಪೆನ್ ಡ್ರೈವ್, ಎಸ್‌ಎಸ್‌ಡಿಗಳು ಸವೆತ ಹಂಚಲು ಬರಹದ ಜಾಗ ಬದಲಿಸುತ್ತಲೇ ಇರುತ್ತವೆ, ಹಳೆಯ ಪ್ರತಿಗಳು ಚಿಪ್‌ನಲ್ಲಿ ಉಳಿದಿರುತ್ತವೆ. ಅವುಗಳನ್ನು ಹೋಲಿಸಿದರೆ 'ಖಾಲಿ' ಜಾಗ ಬದಲಾಗುತ್ತಿರುವುದು ಗೊತ್ತಾಗಬಹುದು. ವಿಂಡೋಸ್‌ನ ಇತ್ತೀಚಿನ ಫೈಲ್‌ಗಳ ಪಟ್ಟಿಯೇ ಗುಟ್ಟು ಬಿಟ್ಟುಕೊಡುವುದೂ ಉಂಟು. ಹೊರಗಿನ ವಾಲ್ಯೂಮ್‌ಗೆ ಬರೆಯುವಾಗ ಒಳಗಿನದನ್ನು ರಕ್ಷಿಸುವ ಆಯ್ಕೆ ಹಾಕದಿದ್ದರೆ ಒಳಗಿನದನ್ನು ನೀವೇ ಅಳಿಸಿಹಾಕುತ್ತೀರಿ. ಬಹುಪಾಲು ಜನರಿಗೆ ಇದು ಬೇಡದ ಉಸಾಬರಿ.

ಕಂಟೇನರನ್ನು ಕ್ಲೌಡ್ ಫೋಲ್ಡರ್‌ನಲ್ಲಿ ಇಟ್ಟೆ, ಬದಲಾವಣೆಗಳು ಮೇಲೆ ಹೋಗುತ್ತಿಲ್ಲ.

ವೆರಾಕ್ರಿಪ್ಟ್ ಡೀಫಾಲ್ಟ್ ಆಗಿ ಕಂಟೇನರ್ ಫೈಲ್‌ನ ಬದಲಾವಣೆ ಸಮಯವನ್ನು ಹಾಗೆಯೇ ಉಳಿಸುತ್ತದೆ, ನೀವು ಯಾವಾಗ ತೆರೆದಿರಿ ಎಂದು ಯಾರಿಗೂ ತಿಳಿಯದಿರಲಿ ಎಂದು. ಸಮಯ ಬದಲಾಗದ ಫೈಲನ್ನು ಸಿಂಕ್ ತಂತ್ರಾಂಶ ಮುಟ್ಟುವುದಿಲ್ಲ. ಪ್ರಿಫರೆನ್ಸಸ್‌ನಲ್ಲಿ ಆ ಗುರುತು ತೆಗೆದರೆ ಸರಿಹೋಗುತ್ತದೆ. ಆಮೇಲೂ ಮೌಂಟ್ ಆಗಿರುವಾಗ ಸಿಂಕ್ ಆಗದಂತೆ, ಎರಡು ಯಂತ್ರದಲ್ಲಿ ಒಟ್ಟಿಗೆ ತೆರೆಯದಂತೆ ನೋಡಿಕೊಳ್ಳಬೇಕು. ಕ್ಲೌಡ್ ಕೆಲಸಕ್ಕೆ ಫೈಲ್ ಫೈಲ್‌ಗೂ ಬೇರೆ ಬೇರೆಯಾಗಿ ಬೀಗ ಹಾಕುವ ಕ್ರಿಪ್ಟೊಮೇಟರ್ ವಾಸಿ. ಅದಕ್ಕೆ ಮೊಬೈಲ್ ಆಪ್ ಕೂಡ ಇದೆ. ಫೈಲ್‌ಗಳ ಸಂಖ್ಯೆ, ಅಂದಾಜು ಗಾತ್ರ ಹೊರಗೆ ಕಾಣುತ್ತವೆ, ಅಷ್ಟೇ ಅದರ ಕೊರತೆ.

ಡಿಸ್ಕ್‌ನಲ್ಲೇ ಹಾರ್ಡ್‌ವೇರ್ ಎನ್‌ಕ್ರಿಪ್ಷನ್ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಅದು ಸಾಲದೇ?

2018ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕೆಲವು ಎಸ್‌ಎಸ್‌ಡಿಗಳ ಫರ್ಮ್‌ವೇರ್ ಬಿಚ್ಚಿ ನೋಡಿದರು. ಕೆಲವುದರಲ್ಲಿ ಪಾಸ್‌ವರ್ಡ್‌ಗೂ ಕೀಲಿಗೂ ಸಂಬಂಧವೇ ಇರಲಿಲ್ಲ; ಪಾಸ್‌ವರ್ಡ್ ಗೊತ್ತಿಲ್ಲದೆಯೂ ಡೇಟಾ ತೆಗೆಯಬಹುದಿತ್ತು. ಕ್ರೂಶಿಯಲ್‌ನ ಕೆಲವು ಮಾದರಿಗಳು, ಸ್ಯಾಮ್‌ಸಂಗ್‌ನ ಟಿ3 ಮತ್ತು ಟಿ5 ಪೋರ್ಟಬಲ್ ಡಿಸ್ಕ್‌ಗಳು ಅವರು ಪರೀಕ್ಷಿಸಿ ದೋಷ ಕಂಡ ಪಟ್ಟಿಯಲ್ಲಿದ್ದವು. ಮರುವರ್ಷ ಮೈಕ್ರೋಸಾಫ್ಟ್, ಬಿಟ್‌ಲಾಕರ್ ಇನ್ನು ಮುಂದೆ ಡಿಸ್ಕ್‌ನ ಸ್ವಂತ ಎನ್‌ಕ್ರಿಪ್ಷನ್ ಮೇಲೆ ಡೀಫಾಲ್ಟ್ ಆಗಿ ಅವಲಂಬಿಸದಂತೆ ಬದಲಿಸಿತು. ಹಾರ್ಡ್‌ವೇರ್ ಬೀಗ ಇದ್ದರೆ ಇರಲಿ, ಮೇಲೊಂದು ತಂತ್ರಾಂಶದ ಬೀಗವೂ ಇರಲಿ.

ವೆರಾಕ್ರಿಪ್ಟ್ ಕೋಡ್‌ನ ಪರಿಶೀಲನೆಯೂ ನಡೆದಿದೆ. 2016ರಲ್ಲಿ ಕ್ವಾರ್ಕ್ಸ್‌ಲ್ಯಾಬ್ ಹಲವು ಗಂಭೀರ ದೋಷ ಹಿಡಿದುಕೊಟ್ಟಿತು, ಹೆಚ್ಚಿನವನ್ನು 1.19ರಲ್ಲಿ ಸರಿಪಡಿಸಿದರು. 2020ರಲ್ಲಿ ಜರ್ಮನಿಯ ಸರಕಾರಿ ಸೈಬರ್ ಭದ್ರತಾ ಸಂಸ್ಥೆಗಾಗಿ ಫ್ರೌನ್‌ಹೋಫರ್ ಸಂಸ್ಥೆಯೂ ಪರಿಶೀಲಿಸಿತು. ದೋಷ ಸಿಕ್ಕಿತು ಎನ್ನುವುದು ನನ್ನ ಮಟ್ಟಿಗೆ ಒಳ್ಳೆಯ ಸುದ್ದಿ, ಯಾರೋ ಹುಡುಕಿದ್ದಾರೆ ಎಂದರ್ಥ.

ಮೊದಲು ಸುಮ್ಮನೆ ಕಾಪಿ ಮಾಡಿದ್ದ ಫೈಲ್‌ಗಳನ್ನು ಅಳಿಸಿ ಕಂಟೇನರ್‌ಗೆ ಹಾಕಿದ್ದೇನೆ. ಸಾಕೇ?

ಸಾಲದು. ಅಳಿಸಿದ ಫೈಲ್‌ಗಳು ಪೆನ್ ಡ್ರೈವ್‌ನ ಚಿಪ್‌ನಲ್ಲಿ ಉಳಿದಿರಬಹುದು, ಮೇಲೆ ಬರೆದರೂ ಅದೇ ಜಾಗಕ್ಕೆ ಬರೆಯುತ್ತದೆಂಬ ಭರವಸೆ ಇಲ್ಲ. ಹೊಸ ಡ್ರೈವ್ ಕೊಂಡ ದಿನವೇ, ಮೊದಲ ಫೈಲ್ ಹೋಗುವ ಮೊದಲೇ ಬೀಗ ಹಾಕುವುದು ಸರಿಯಾದ ಕ್ರಮ.

ಕನ್ನಡದಲ್ಲಿ ಪಾಸ್‌ವರ್ಡ್ ಇಡಬಹುದೇ?

ಕಂಟೇನರ್‌ಗಳಿಗೆ ಇಡಬಹುದು, ವೆರಾಕ್ರಿಪ್ಟ್ ಯೂನಿಕೋಡ್ ಒಪ್ಪುತ್ತದೆ. ಮಿತಿ 128 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರಕ್ಕೆ ಮೂರು ಸಂಕೇತ. 'ಕ್ಷ' ಎಂಬ ಒಂದೇ ಅಕ್ಷರ 9 ಬೈಟ್ ನುಂಗುತ್ತದೆ. ಒಟ್ಟು 42 ಸಂಕೇತ ಹಿಡಿಸಬಹುದು.

ತೊಂದರೆ ಬೇರೆ ಕಡೆ ಇದೆ. 'ಕೊ' ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ: 'ೊ' ಎಂಬ ಒಂದೇ ಚಿಹ್ನೆ, ಅಥವಾ 'ೆ' ಮತ್ತು 'ೂ' ಎರಡನ್ನು ಜೋಡಿಸಿದ್ದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. 'ಪಾಸ್‌ವರ್ಡ್' ಎಂದು ಬರೆಯುವಾಗ ಸ್ ಮತ್ತು ವ ನಡುವೆ ಕಾಣದ ಒಂದು ಜೋಡಿಸದಿರುವ ಚಿಹ್ನೆ ಕೂತಿರುತ್ತದೆ. ಒಂದು ಕೀಲಿಮಣೆ ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಮೂಡಿಸಿದರೆ ಕಂಟೇನರ್ ತೆರೆಯದೆ ಹೋಗಬಹುದು, ಕಾರಣ ಹುಡುಕುವುದೂ ಕಷ್ಟ. ನನ್ನ ಉಪಾಯ: ಕನ್ನಡದ ನಾಲ್ಕಾರು ಸಂಬಂಧವಿಲ್ಲದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನನಗೆ ಒಗ್ಗಿದ ಕಾಗುಣಿತದಲ್ಲಿ ಬರೆಯುವುದು. ನೆನಪಿರುತ್ತದೆ, ಯಾವ ಕೀಲಿಮಣೆಯಲ್ಲೂ ಒಂದೇ ರೀತಿ ಮೂಡುತ್ತದೆ. ಗಾದೆ, ಹಾಡಿನ ಸಾಲು ಬೇಡ. ಅವು ಎಲ್ಲರಿಗೂ ಗೊತ್ತು.

ಕೆಲಸ ಮುಗಿದ ಮೇಲೆ ಡ್ರೈವ್ ಹಾಗೇ ಕಿತ್ತರೆ ಏನಾಗುತ್ತದೆ?

ಬರೆಯುವುದು ಬಾಕಿ ಇದ್ದರೆ ಒಳಗಿನ ಫೈಲ್ ವ್ಯವಸ್ಥೆ ಕೆಡಬಹುದು. ಮೊದಲು ತಂತ್ರಾಂಶದಲ್ಲಿ ಅನ್‌ಮೌಂಟ್, ಆಮೇಲೆ ವಿಂಡೋಸ್‌ನ ಎಜೆಕ್ಟ್. ಇಲ್ಲಿಯವರೆಗೆ 'ಡಿಸ್‌ಮೌಂಟ್' ಎಂದಿದ್ದ ಗುಂಡಿಗೆ ಈಗ 'ಅನ್‌ಮೌಂಟ್' ಎಂದು ಬರೆದಿದ್ದಾರೆ, ಎರಡೂ ಒಂದೇ.

ಪಾಸ್‌ವರ್ಡ್ ಮರೆತಿದ್ದೇನೆ. ಏನಾದರೂ ದಾರಿ?

ಹಿಂಬಾಗಿಲು ಇಲ್ಲ. ಹಳೆಯ ಪಾಸ್‌ವರ್ಡ್ ಇದ್ದ ಕಾಲದ ಹೆಡರ್ ಬ್ಯಾಕಪ್ ಇಟ್ಟುಕೊಂಡಿದ್ದು, ಆ ಪಾಸ್‌ವರ್ಡ್ ನೆನಪಿದ್ದರೆ ಅದನ್ನು ಮರುಸ್ಥಾಪಿಸಿ ತೆರೆಯಬಹುದು. ಮೇಲೆ ಅಪಾಯ ಎಂದು ಹೇಳಿದ್ದೇ ಇಲ್ಲಿ ಉಪಕಾರ. ಕೆಲವು ಕಚೇರಿಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ: ಅಡ್ಮಿನ್ ತನ್ನ ಪಾಸ್‌ವರ್ಡ್‌ನಲ್ಲಿ ಕಂಟೇನರ್ ಮಾಡಿ, ಹೆಡರ್ ಬ್ಯಾಕಪ್ ತೆಗೆದು, ಆಮೇಲೆ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಕೊಡುತ್ತಾರೆ. ಅದೂ ಇಲ್ಲವಾದರೆ, ಪಿಮ್ ಏನಾದರೂ ಹಾಕಿದ್ದಿರಾ, ಕೀಫೈಲ್ ಇತ್ತೇ, ಕ್ಯಾಪ್ಸ್ ಲಾಕ್ ಒತ್ತಿತ್ತೇ, ಕೀಲಿಮಣೆಯ ಭಾಷೆ ಬೇರೆಯಿತ್ತೇ ಎಂದು ಒಂದೊಂದಾಗಿ ಪ್ರಯತ್ನಿಸಿ. 'ನಾವು ಒಡೆದುಕೊಡುತ್ತೇವೆ, ಮುಂಗಡ ಕೊಡಿ' ಎನ್ನುವವರಿಗೆ ದುಡ್ಡು ಕೊಡಬೇಡಿ. ಯಾವುದೂ ಆಗದಿದ್ದರೆ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸಿಕೊಳ್ಳಿ.